ಗೋಡೆಯಾಚೆಯ ಗುಂಯ್ ಸದ್ದು: ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರದ ಪ್ರಕರಣ

2017ರ ನವೆಂಬರಿನ ಒಂದು ಬೆಳಿಗ್ಗೆ ಮಗಳು ನನ್ನನ್ನೂ ತನ್ನ ಐದು ವರ್ಷದ ಮಗಳನ್ನೂ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. ಚಿತ್ರಕಲೆಯ ಗಂಧಗಾಳಿ ನನಗಿಲ್ಲ. ಕೆಇಬಿಗೆ ಸೇರಿ, ಅದು ಕೆಪಿಟಿಸಿಎಲ್ ಆದಮೇಲೆ ಅಲ್ಲಿಂದಲೇ ನಿವೃತ್ತನಾದವನು. ಹಗಲೂ ರಾತ್ರಿ ಶಿಫ್ಟಿನಲ್ಲಿ ಸಬ್‌ಸ್ಟೇಷನ್ನುಗಳ ಯಾರ್ಡು ಸುತ್ತಿದವನು. ದೊಡ್ಡ ಹಜಾರದ ದಕ್ಷಿಣದ ಗೋಡೆಯ ಪಕ್ಕ ಸುಮ್ಮನೆ ನಿಂತಿದ್ದಾಗ ಕಿವಿಗೆ ಪರಿಚಯದ ಸದ್ದೊಂದು ಬಿತ್ತು.

"ಇಲ್ಲೆಲ್ಲೋ ಟ್ರಾನ್ಸ್‌ಫಾರ್ಮರ್ ಓಡ್ತಾ ಇದೆ ಕಣೇ" ಅಂದೆ.

"ಅಪ್ಪಾ, ಇದು ಮ್ಯೂಸಿಯಂ. ಇಲ್ಲೂ ಡ್ಯೂಟೀನಾ?" ಅಂದಳು.

ಡ್ಯೂಟಿಯೇ ಸರಿ. ಟ್ರಾನ್ಸ್‌ಫಾರ್ಮರಿನೊಳಗಿನ ಉಕ್ಕಿನ ಕೋರ್, ಕರೆಂಟಿನ ಒಂದೊಂದು ಸೈಕಲ್‌ಗೂ ಎರಡೆರಡು ಸಲ ಕೂದಲೆಳೆಗಿಂತ ಎಷ್ಟೋ ಕಡಿಮೆ ಹಿಗ್ಗಿ ಕುಗ್ಗುತ್ತದೆ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಸೆಕೆಂಡಿಗೆ 50 ಸೈಕಲ್. ಹಾಗಾಗಿ ಎರಡೂ ಕಡೆ ಸೆಕೆಂಡಿಗೆ 100 ಕಂಪನ, ಎರಡೂ ಕಡೆ ಒಂದೇ ಶ್ರುತಿ. ಅಮೆರಿಕದಲ್ಲಾಗಿದ್ದರೆ 60 ಸೈಕಲ್. ಶ್ರುತಿ ಬೇರೆ, ನನಗೆ ಗುರುತು ಸಿಗುತ್ತಿರಲಿಲ್ಲವೇನೋ. ಮನೆಗೆ ಬಂದು ವಿಚಾರಿಸಿ, ಓದಿ ನೋಡಿದಾಗ ನನ್ನ ಕಿವಿ ಸುಳ್ಳು ಹೇಳಿರಲಿಲ್ಲ ಅಂತ ಖಾತ್ರಿಯಾಯಿತು. ಆ ಕಟ್ಟಡ ಹಿಂದೆ ವಿದ್ಯುತ್ ಸ್ಥಾವರವಾಗಿತ್ತು ಅನ್ನುವುದು ಅಲ್ಲಿಗೆ ಹೋಗುವ ಎಲ್ಲರಿಗೂ ಗೊತ್ತು. ಅದರ ಒಂದು ಭಾಗ ಇವತ್ತಿಗೂ ಸಬ್‌ಸ್ಟೇಷನ್ ಆಗಿ ದುಡಿಯುತ್ತಿದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಈ ಪ್ರಕರಣದ ಬೆನ್ನು ಹತ್ತಿದ್ದು ಹಾಗೆ.

ಹೊಗೆಯ ಕಾಲ

ಜಾಗದ ಹೆಸರು ಬ್ಯಾಂಕ್‌ಸೈಡ್. ಥೇಮ್ಸ್ ನದಿಯ ದಕ್ಷಿಣ ದಂಡೆ, ಸದರ್ಕ್ ಪ್ರದೇಶ. ಎದುರು ದಂಡೆಯಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಗುಮ್ಮಟ. ದುಡ್ಡು, ಬ್ಯಾಂಕು, ದೊಡ್ಡ ಕಚೇರಿಗಳೆಲ್ಲ ಆ ದಂಡೆಗೆ. ಗೋದಾಮು, ಕಾರ್ಖಾನೆ, ಕೂಲಿಕಾರರ ಮನೆಗಳು ಈ ದಂಡೆಗೆ. ಹಾಗಾಗಿ 1891ರಲ್ಲಿ ಸಿಟಿ ಆಫ್ ಲಂಡನ್ ಎಲೆಕ್ಟ್ರಿಕ್ ಲೈಟಿಂಗ್ ಕಂಪನಿ ಆ ದಂಡೆಯ ಬೀದಿದೀಪ ಉರಿಸಲು ಈ ದಂಡೆಯಲ್ಲಿ ಕಲ್ಲಿದ್ದಲು ಸುಡತೊಡಗಿತು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು 1902ರಲ್ಲಿ, ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಕಾಲದ ಅಂತರ ಹೆಚ್ಚಿಲ್ಲ. ಆದರೆ ನಮ್ಮದು ನೀರಿನ ಕರೆಂಟು, ಅವರದು ಬೆಂಕಿಯದು. ಹೊಗೆ, ಮಸಿ, ಬೂದಿ, ಯಂತ್ರಗಳ ಅದುರಾಟ ಎಲ್ಲ ಸದರ್ಕಿನವರ ಪಾಲಿಗೆ, ಬೆಳಕು ಮಾತ್ರ ನದಿಯಾಚೆಗೆ. ಅಕ್ಕಪಕ್ಕದವರ ದೂರುಗಳು ಅಂದಿನಿಂದಲೇ ಶುರು. ಈ ದೂರುಗಳ ವಿಷಯ ನೆನಪಿನಲ್ಲಿರಲಿ, ಮುಂದೆ ಬರುತ್ತದೆ.

ಆ ಹಳೆಯ ಸ್ಥಾವರ ಕುಂಟುತ್ತ 1959ರವರೆಗೂ ಓಡಿತು. ಈಗ ನಿಂತಿರುವ ಕಟ್ಟಡ ಅದಲ್ಲ. ಅದರ ಜಾಗದಲ್ಲಿ, ಅದರ ಪಕ್ಕದಲ್ಲಿ ಎದ್ದ ಎರಡನೆಯದು.

ಎರಡನೇ ಮಹಾಯುದ್ಧ ಮುಗಿದಾಗ ಲಂಡನ್ನಿನಲ್ಲಿ ಕರೆಂಟಿನ ಕೊರತೆ. 1947ರ ಚಳಿಗಾಲವಂತೂ ಭೀಕರವಾಗಿತ್ತು. ಹಿಮ ಬಿದ್ದು ಕಲ್ಲಿದ್ದಲು ಸಾಗಿಸಲಾಗದೆ ಊರೂರೇ ಕತ್ತಲಾದವು. ಬ್ಯಾಂಕ್‌ಸೈಡಿನಲ್ಲಿ ಹೊಸ ಸ್ಥಾವರ ಬೇಕು ಅನ್ನುವ ಪ್ರಸ್ತಾವಕ್ಕೆ ಅದಕ್ಕೂ ಮೊದಲೇ ವಿರೋಧ ಎದ್ದಿತ್ತು. ಬಾಂಬ್ ದಾಳಿಯಲ್ಲೂ ಉಳಿದುಕೊಂಡ ಸೇಂಟ್ ಪಾಲ್ಸ್ ಎದುರಿಗೆ ಚಿಮಣಿಯೇ ಅಂತ ಚರ್ಚಿನವರು, ನಗರ ಯೋಜಕರು, ಪತ್ರಿಕೆಗಳವರು ತಗಾದೆ ತೆಗೆದಿದ್ದರು. ಆದರೆ ಚಳಿಯಲ್ಲಿ ನಡುಗುವವನಿಗೆ ಗುಮ್ಮಟದ ಅಂದ ಕಾಣುವುದಿಲ್ಲ. ಪ್ರಧಾನಿ ಆಟ್ಲಿಯ ಸರ್ಕಾರ 1947ರಲ್ಲೇ ಒಪ್ಪಿಗೆ ಕೊಟ್ಟಿತು. ಕಲ್ಲಿದ್ದಲು ಬೇಡ, ಎಣ್ಣೆ ಸುಡಬೇಕು ಅನ್ನುವುದು ಷರತ್ತು.

ಹೊರಗಿನ ರೂಪ ಕೊಡಲು ಕರೆದದ್ದು ಸರ್ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರನ್ನು. ಲಂಡನ್ನಿನ ಕೆಂಪು ಟೆಲಿಫೋನ್ ಬೂತ್ ಇವರದೇ ವಿನ್ಯಾಸ. ಲಿವರ್‌ಪೂಲಿನ ದೊಡ್ಡ ಕೆಥೆಡ್ರಲ್ ಇವರದು, ಥೇಮ್ಸ್ ಮೇಲ್ದಂಡೆಯ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಹೊರಮೈಯೂ ಇವರದು. ಚರ್ಚು ಕಟ್ಟಿದ ಕೈಯೇ ಸ್ಥಾವರವನ್ನೂ ಕಟ್ಟಿತು ಅನ್ನುವುದು ಬ್ಯಾಂಕ್‌ಸೈಡ್ ನೋಡಿದರೆ ತಿಳಿಯುತ್ತದೆ. ನಡುವೆ ಒಂದೇ ಚಿಮಣಿ, ಅದೂ ಗುಂಡಗಲ್ಲ, ಘಂಟಾಗೋಪುರದ ಹಾಗೆ ಚೌಕ. ಎತ್ತರ 99 ಮೀಟರ್. ಎದುರಿನ ಗುಮ್ಮಟದ ತುದಿ 111 ಮೀಟರ್. ಹಿರಿಯರ ಮುಂದೆ ತಲೆಯೆತ್ತಬಾರದು ಅಂತ ಬೇಕೆಂದೇ ತಗ್ಗಿಸಿದ್ದು. ಚಿಮಣಿಗೆ ಎತ್ತರ ಇದ್ದಷ್ಟೂ ಒಳ್ಳೆಯದು ಅಂತ ಯಾವ ಬಾಯ್ಲರ್ ಇಂಜಿನಿಯರನ್ನು ಕೇಳಿದರೂ ಹೇಳುತ್ತಾನೆ. ಇಲ್ಲಿ ಅವನ ಮಾತು ನಡೆಯಲಿಲ್ಲ.

ಚಿಮಣಿ ಗಿಡ್ಡವಾದರೆ ಹೊಗೆ ಊರಿನ ಮೇಲೇ ಕೂರುತ್ತದೆ. ಅದಕ್ಕೆ ಉಪಾಯವಾಗಿ ಹೊಗೆಯನ್ನು ಥೇಮ್ಸ್ ನೀರಿನಲ್ಲಿ ತೊಳೆದು ಗಂಧಕ ತೆಗೆಯುವ ವ್ಯವಸ್ಥೆ ಮಾಡಿದರು. ತೊಳೆದ ಹೊಗೆಯಿಂದ ಗಂಧಕವೇನೋ ಹೋಯಿತು, ಜೊತೆಗೆ ಶಾಖವೂ ಹೋಯಿತು. ತಣ್ಣಗೆ, ಒದ್ದೆಯಾದ ಹೊಗೆ ಮೇಲೇರಲಾರದೆ ಅಲ್ಲೇ ಜೋತು ಬೀಳುತ್ತಿತ್ತು. ತೊಳೆದ ನೀರು ಮತ್ತೆ ನದಿಗೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಬಲೂನಿನ ಕಥೆ.

ಕಟ್ಟಿದ್ದು ಎರಡು ಕಂತಿನಲ್ಲಿ. ಹಳೆಯ ಸ್ಥಾವರ ಪಕ್ಕದಲ್ಲಿ ಓಡುತ್ತಿರುವಾಗಲೇ ಪಶ್ಚಿಮದ ಅರ್ಧ ಎದ್ದು 1952ರಲ್ಲಿ ಕರೆಂಟು ಕೊಡತೊಡಗಿತು. ಹಳೆಯದನ್ನು ಕೆಡವಿದ ಮೇಲೆ ಪೂರ್ವದ ಅರ್ಧ ಎದ್ದು 1963ಕ್ಕೆ ಪೂರ್ತಿಯಾಯಿತು. ಅಷ್ಟರಲ್ಲಿ ಸ್ಕಾಟ್ ತೀರಿಕೊಂಡು ಮೂರು ವರ್ಷ. ಉಕ್ಕಿನ ಹಂದರ, ಮೇಲೆ 42 ಲಕ್ಷ ಇಟ್ಟಿಗೆ, ಉದ್ದ 200 ಮೀಟರ್. ಒಟ್ಟು ಸಾಮರ್ಥ್ಯ 300 ಮೆಗಾವ್ಯಾಟ್. ನಮ್ಮ ಶರಾವತಿಯ 1035 ಮೆಗಾವ್ಯಾಟಿನ ಪಕ್ಕದಲ್ಲಿ ಇದೊಂದು ಕೂಸು. ಆದರೆ ಶರಾವತಿ ಕಾಡಿನಲ್ಲಿದೆ, ಇದು ಊರಿನ ಎದೆಯ ಮೇಲಿತ್ತು.

ಒಳಗಿನ ಜೋಡಣೆಯನ್ನು ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ಎಲ್ಲ ಬದಲಾವಣೆಯೂ ಇದರ ಮೇಲೇ ನಿಂತಿದೆ. ನದಿಯ ಉದ್ದಕ್ಕೆ ಸಮನಾಗಿ ಮಲಗಿದ ಮೂರು ಉದ್ದನೆಯ ಪಟ್ಟಿಗಳನ್ನು ಊಹಿಸಿಕೊಳ್ಳಿ. ನದಿಯ ಕಡೆಯದು ಬಾಯ್ಲರ್ ಹೌಸ್, ನಡುವಿನದು ಟರ್ಬೈನ್ ಹಾಲ್, ದಕ್ಷಿಣದ್ದು ಸ್ವಿಚ್ ಹೌಸ್. ದಕ್ಷಿಣದಲ್ಲೇ ನೆಲದಡಿಯಲ್ಲಿ ಭಾರೀ ಎಣ್ಣೆ ಟ್ಯಾಂಕುಗಳು, ಒಂದೊಂದೂ 30 ಮೀಟರಿಗಿಂತ ಅಗಲದ ದುಂಡು ಬಾವಿ. ನದಿಯಲ್ಲಿ ಬಂದ ಎಣ್ಣೆ ಟ್ಯಾಂಕಿಗೆ, ಟ್ಯಾಂಕಿನಿಂದ ಬಾಯ್ಲರಿಗೆ, ಅಲ್ಲಿನ ಹಬೆ ಟರ್ಬೈನಿಗೆ, ಟರ್ಬೈನಿನ ಕರೆಂಟು ಸ್ವಿಚ್ ಹೌಸಿಗೆ, ಅಲ್ಲಿಂದ ಊರಿಗೆ. ಟರ್ಬೈನ್ ಹಾಲ್ 152 ಮೀಟರ್ ಉದ್ದ, 35 ಮೀಟರ್ ಎತ್ತರ. ಅಷ್ಟು ಎತ್ತರ ಯಾಕೆ? ಓವರ್‌ಹಾಲ್ ದಿನ ಟರ್ಬೈನಿನ ಮುಚ್ಚಳ ಬಿಚ್ಚಿ, ರೋಟರನ್ನು ಕ್ರೇನಿನಲ್ಲಿ ಎತ್ತಿ, ಪಕ್ಕದ ಯಂತ್ರದ ತಲೆಯ ಮೇಲಿಂದ ದಾಟಿಸಬೇಕು. ಆ ಕ್ರೇನುಗಳು ಈಗಲೂ ಮೇಲಿವೆ. ಅವನ್ನು ನೋಡಿ ನಾನು ಖುಷಿಪಟ್ಟಷ್ಟು ಅಲ್ಲಿನ ಯಾವ ಶಿಲ್ಪ ನೋಡಿಯೂ ಪಡಲಿಲ್ಲ ಅಂದರೆ ಮಗಳಿಗೆ ಬೇಜಾರು.

ಯಾರಿಗೂ ಬೇಡವಾದ ಹದಿಮೂರು ವರ್ಷ

1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದವು. ತಿಂಗಳುಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಎಣ್ಣೆ ಸುಡಬೇಕು ಅನ್ನುವ ಷರತ್ತಿನ ಮೇಲೆ ಹುಟ್ಟಿದ ಸ್ಥಾವರಕ್ಕೆ ಎಣ್ಣೆಯೇ ಮುಳುವಾಯಿತು. ಲೋಡ್ ಇಳಿಯುತ್ತ ಇಳಿಯುತ್ತ 1981ರಲ್ಲಿ ಬೆಂಕಿ ಆರಿತು. ಪೂರ್ತಿ ಕಟ್ಟಿ ಮುಗಿಸಿ 18 ವರ್ಷ, ಅಷ್ಟೇ. ಜನರೇಟರ್ ನಿಂತರೂ ಸ್ವಿಚ್ ಹೌಸ್ ನಿಲ್ಲುವಂತಿರಲಿಲ್ಲ. ಕರೆಂಟು ಎಲ್ಲಿಂದಲೇ ಬರಲಿ, ಆ ಪ್ರದೇಶಕ್ಕೆ ಹಂಚುವ ಕೇಬಲ್ಲುಗಳೆಲ್ಲ ಸೇರುತ್ತಿದ್ದದ್ದು ಅಲ್ಲೇ. ಗುಂಯ್ ಸದ್ದು ನಿಲ್ಲಲಿಲ್ಲ.

ಉಳಿದ ಕಟ್ಟಡ ಹಾಳು ಸುರಿಯುತ್ತ ನಿಂತಿತು. ಮಾರಾಟಕ್ಕಿಟ್ಟರು. ಪಾರಂಪರಿಕ ಕಟ್ಟಡ ಅಂತ ಪಟ್ಟಿಗೆ ಸೇರಿಸಿ ಅಂತ ಕೆಲವರು ಅರ್ಜಿ ಹಾಕಿದರು, ಸರ್ಕಾರ ತಳ್ಳಿಹಾಕಿತು. 1993ರ ಹೊತ್ತಿಗೆ ಕೆಡವುವ ಮಾತೇ ಬಲವಾಗಿತ್ತು.

ಇಲ್ಲಿ ಬ್ಯಾಟರ್‌ಸೀಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದೇ ಸ್ಕಾಟ್, ಅದೇ ನದಿ, ಅದೇ ಇಟ್ಟಿಗೆ. ನಾಲ್ಕು ಬಿಳಿ ಚಿಮಣಿಗಳ ಅದನ್ನು ಜಗತ್ತೇ ಗುರುತಿಸುತ್ತದೆ. 1980ರಲ್ಲೇ ಪಾರಂಪರಿಕ ಪಟ್ಟಿಗೆ ಸೇರಿತ್ತು, 1983ರಲ್ಲಿ ಮುಚ್ಚಿತು. ಮನರಂಜನಾ ಪಾರ್ಕು ಮಾಡುತ್ತೇವೆ ಅಂತ ಸೂರು ಕಿತ್ತರು, 1989ರಲ್ಲಿ ದುಡ್ಡು ಮುಗಿದು ಕೆಲಸ ನಿಂತಿತು. ಸೂರಿಲ್ಲದ ಗೋಡೆಗಳು ವರ್ಷಗಟ್ಟಲೆ ಮಳೆಯಲ್ಲಿ ನೆನೆದವು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಕೊನೆಗೆ ಮಾಲ್, ಕಚೇರಿ, ಫ್ಲ್ಯಾಟುಗಳಾಗಿ ಅದು ಬಾಗಿಲು ತೆರೆದದ್ದು 2022ರ ಅಕ್ಟೋಬರಿನಲ್ಲಿ. ಪಟ್ಟಿಯ ರಕ್ಷಣೆ ಇದ್ದದ್ದು 39 ವರ್ಷ ಕಾಯಿತು; ಪಟ್ಟಿಗೇ ಸೇರದದ್ದು 19 ವರ್ಷಕ್ಕೆ ಎದ್ದು ಕೂತಿತು. ಪಾರಂಪರಿಕ ಫಲಕ ಬೇಡ ಅಂತ ನಾನು ಹೇಳುತ್ತಿಲ್ಲ. ಕೆಡವುವವನ ಕೈ ತಡೆಯಲು ಅದು ಬೇಕು. ಆದರೆ ಫಲಕ ಸೂರು ಸೋರುವುದನ್ನು ನಿಲ್ಲಿಸುವುದಿಲ್ಲ. ಒಳಗೆ ಯಾರಾದರೂ ಇದ್ದರೆ ಮಾತ್ರ ಸೂರು ಸೋರುವುದು ಯಾರಿಗಾದರೂ ಗೊತ್ತಾಗುತ್ತದೆ. ಬ್ಯಾಂಕ್‌ಸೈಡಿನಲ್ಲಿ ಆ ಹದಿಮೂರು ವರ್ಷವೂ ಸ್ವಿಚ್ ಹೌಸಿನವರು ಇದ್ದರು, ಬೀಗ ತೆಗೆದು ಹಾಕುವ ಒಬ್ಬ ಮನುಷ್ಯನಾದರೂ ಇದ್ದ. ನಮ್ಮ ಬೆಂಗಳೂರಿನ ಬಟ್ಟೆ ಗಿರಣಿ ಬಿನ್ನಿಮಿಲ್ಲನ್ನು ನೆನೆಸಿಕೊಳ್ಳಿ. ಬಿನ್ನಿಪೇಟೆ ಅನ್ನುವ ಹೆಸರು ಬಸ್ಸಿನ ಬೋರ್ಡಿನಲ್ಲಿ ಉಳಿಯಿತು, ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದವು.

ಖಾಲಿ ಬಿಡುವ ಧೈರ್ಯ

ಟೇಟ್ ಅನ್ನುವುದು ಸಕ್ಕರೆ ವ್ಯಾಪಾರಿ ಹೆನ್ರಿ ಟೇಟ್ ಅವರ ಹೆಸರಿನ ಸಂಗ್ರಹಾಲಯ. ಮಿಲ್‌ಬ್ಯಾಂಕ್ ಎಂಬಲ್ಲಿ, ಹಳೆಯ ಜೈಲೊಂದರ ಜಾಗದಲ್ಲಿ, 1897ರಲ್ಲಿ ತೆರೆದದ್ದು. 1990ರ ದಶಕಕ್ಕೆ ಅಲ್ಲಿ ಚಿತ್ರ ಇಡಲು ಜಾಗ ಸಾಲದಾಯಿತು. ಬ್ರಿಟಿಷ್ ಕಲೆ ಒಂದು ಕಡೆ, ಆಧುನಿಕ ಕಲೆ ಇನ್ನೊಂದು ಕಡೆ ಅಂತ ಪಾಲು ಮಾಡುವುದಾಗಿ ನಿರ್ದೇಶಕ ನಿಕೊಲಸ್ ಸೆರೋಟಾ ತೀರ್ಮಾನಿಸಿದರು. ಹೊಸ ಕಟ್ಟಡ ಕಟ್ಟುವುದೋ ಹಳೆಯದನ್ನು ಹಿಡಿಯುವುದೋ ಅಂತ ಕಲಾವಿದರನ್ನೇ ಕೇಳಿದಾಗ, ಹಳೆಯ ಕಾರ್ಖಾನೆಯಂಥ ಜಾಗವೇ ಇಷ್ಟ ಅನ್ನುವ ಉತ್ತರ ಬಂತು. 1994ರ ಏಪ್ರಿಲಿನಲ್ಲಿ ಬ್ಯಾಂಕ್‌ಸೈಡ್ ಅಂತ ಘೋಷಣೆಯಾಯಿತು.

ವಿನ್ಯಾಸದ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದ ಆರು ಹೆಸರುಗಳಲ್ಲಿ ತಡಾವೊ ಆಂಡೊ, ರೆಂಜೊ ಪಿಯಾನೊ, ರೆಮ್ ಕೂಲ್‌ಹಾಸ್ ಅವರಂಥ ಘಟಾನುಘಟಿಗಳಿದ್ದರು. 1995ರ ಜನವರಿಯಲ್ಲಿ ಗೆದ್ದದ್ದು ಸ್ವಿಟ್ಜರ್‌ಲೆಂಡಿನ ಹರ್ಜೋಗ್ ಮತ್ತು ಡಿ ಮ್ಯೂರಾನ್; ಆಗ ಅವರು ಅಷ್ಟೇನೂ ಹೆಸರು ಮಾಡಿದವರಲ್ಲ. ಅವರ ನಕ್ಷೆಯಲ್ಲಿ ಚಿಮಣಿ ಇತ್ತು, ಇಟ್ಟಿಗೆ ಗೋಡೆ ಇತ್ತು, ಮೂರು ಪಟ್ಟಿಗಳೂ ಇದ್ದವು. ಬಾಯ್ಲರ್ ಹೌಸನ್ನು ಅಂತಸ್ತು ಅಂತಸ್ತಾಗಿ ಕತ್ತರಿಸಿ ಚಿತ್ರಶಾಲೆ ಮಾಡಿದರು. ನೆತ್ತಿಯ ಮೇಲೆ ಎರಡಂತಸ್ತಿನ ಗಾಜಿನ ಪಟ್ಟಿಯೊಂದನ್ನು ಇಟ್ಟರು. ಟರ್ಬೈನ್ ಹಾಲಿನಲ್ಲಿ ಯಂತ್ರ ಎತ್ತಿ, ಯಂತ್ರ ಕೂತಿದ್ದ ನೆಲವನ್ನೂ ಬಿಚ್ಚಿ, ತಳದಿಂದ ಸೂರಿನವರೆಗೆ ಪೂರ್ತಿ ಟೊಳ್ಳು ಮಾಡಿದರು. ಹಳೆಯ ನೆಲದ ಒಂದು ತುಂಡನ್ನು ಮಾತ್ರ ನಡುವೆ ಸೇತುವೆಯ ಹಾಗೆ ಬಿಟ್ಟರು. ಪಶ್ಚಿಮದಿಂದ ಅಗಲವಾದ ಇಳಿಜಾರು ಮಾಡಿ ಜನರನ್ನು ನೇರ ಆ ಟೊಳ್ಳಿಗೇ ಇಳಿಸಿದರು.

ಲಂಡನ್ನಿನ ನಡುವೆ, ಒಂದೊಂದು ಚದರಡಿಗೂ ಚಿನ್ನದ ಬೆಲೆ ಇರುವ ಕಡೆ, ಅಷ್ಟು ದೊಡ್ಡ ಹಜಾರವನ್ನು ಖಾಲಿ ಬಿಡಲು ಗುಂಡಿಗೆ ಬೇಕು. ನಮ್ಮ ಇಲಾಖೆಯ ಯಾವ ಕಡತದಲ್ಲೂ ಅದು ಪಾಸಾಗುತ್ತಿರಲಿಲ್ಲ. 'ಜಾಗ ವ್ಯರ್ಥ' ಅಂತ ಆಡಿಟ್ಟಿನವರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಇಡೀ ಪರಿವರ್ತನೆಗೆ ತಗುಲಿದ್ದು 13 ಕೋಟಿ 40 ಲಕ್ಷ ಪೌಂಡ್. ಅದರಲ್ಲಿ 5 ಕೋಟಿ, ಲಾಟರಿ ಹಣದ ಮಿಲೇನಿಯಂ ಕಮಿಷನ್ನಿನದು. ದಕ್ಷಿಣದ ಸ್ವಿಚ್ ಹೌಸ್ ಮಾತ್ರ ವಿದ್ಯುತ್ ಕಂಪನಿಯ ಕೈಯಲ್ಲೇ ಉಳಿಯಿತು. ಅಂದರೆ ಕಟ್ಟಡದ ಮೂರರಲ್ಲಿ ಎರಡು ಪಾಲು ಕಲೆಗೆ, ಒಂದು ಪಾಲು ಕರೆಂಟಿಗೆ, ನಡುವೆ ಒಂದು ಗೋಡೆ.

2000ದ ಮೇ 11ರಂದು ರಾಣಿ ಎಲಿಜಬೆತ್ ಉದ್ಘಾಟಿಸಿದರು, ಮಾರನೆಯ ದಿನ ಜನ ನುಗ್ಗಿದರು. ವರ್ಷಕ್ಕೆ 20 ಲಕ್ಷ ಬಂದಾರು ಅಂತ ಎಣಿಸಿದ್ದರು. ಮೊದಲ ವರ್ಷವೇ 50 ಲಕ್ಷ ದಾಟಿತು. ಟಿಕೆಟ್ಟಿಲ್ಲ, ಒಳಗೆ ಬೆಚ್ಚಗಿದೆ, ಶೌಚಾಲಯ ಚೊಕ್ಕಟವಾಗಿದೆ. ನನ್ನಂಥವರು ಹೋಗಲು ಇನ್ನೇನು ಬೇಕು?

ಜನರನ್ನು ಸೇಂಟ್ ಪಾಲ್ಸ್ ಕಡೆಯಿಂದ ದಾಟಿಸಲು ನದಿಯ ಮೇಲೆ ಕಾಲ್ನಡಿಗೆಯ ಮಿಲೇನಿಯಂ ಸೇತುವೆಯನ್ನೂ ಕಟ್ಟಿದ್ದರು. ಜೂನ್ 10ರಂದು ತೆರೆದರು, ಅದು ತೊಟ್ಟಿಲಿನ ಹಾಗೆ ಅಡ್ಡಡ್ಡ ತೂಗಿತು, ಜೂನ್ 12ಕ್ಕೆ ಮುಚ್ಚಿದರು. ಜನ ಬೀಳದಿರಲೆಂದು ಸೇತುವೆಯ ಓಲಾಟಕ್ಕೆ ತಕ್ಕ ಹಾಗೆ ಹೆಜ್ಜೆ ಹಾಕಿದ್ದು ಓಲಾಟವನ್ನು ಇನ್ನೂ ಹೆಚ್ಚಿಸಿತ್ತು. ಓಲಾಟ ತಗ್ಗಿಸುವ ಡ್ಯಾಂಪರುಗಳನ್ನು ಜೋಡಿಸಿ ಮತ್ತೆ ತೆರೆದದ್ದು 2002ರ ಫೆಬ್ರವರಿಯಲ್ಲಿ.

ಟರ್ಬೈನ್ ಇಲ್ಲದ ಟರ್ಬೈನ್ ಹಾಲ್

ಆ ಖಾಲಿ ಹಜಾರಕ್ಕೆ ವರ್ಷಕ್ಕೊಬ್ಬ ಕಲಾವಿದರನ್ನು ಕರೆದು 'ಇಷ್ಟು ಜಾಗ ಇದೆ, ಏನಾದರೂ ಮಾಡಿ' ಅನ್ನುವುದು ಪದ್ಧತಿಯಾಯಿತು. ಎಲ್ಲವನ್ನೂ ಪಟ್ಟಿ ಮಾಡುವುದಿಲ್ಲ. ನನ್ನ ಕಸುಬಿಗೆ ತಗುಲುವ ಒಂದೆರಡನ್ನು ಹೇಳುತ್ತೇನೆ.

2003ರಲ್ಲಿ ಓಲಾಫರ್ ಎಲಿಯಾಸನ್ ಅಲ್ಲೊಂದು ಸೂರ್ಯನನ್ನು ಕಟ್ಟಿದರು. ಬೀದಿದೀಪಕ್ಕೆ ಬಳಸುವ ಜಾತಿಯ ಹಳದಿ ದೀಪಗಳ ಅರ್ಧಚಂದ್ರ, ಸೂರಿಗೆಲ್ಲ ಕನ್ನಡಿ. ಅರ್ಧ ದೀಪ, ಅರ್ಧ ಪ್ರತಿಬಿಂಬ ಸೇರಿ ಪೂರ್ಣ ಸೂರ್ಯ. ಆ ದೀಪದ ಗುಣ ನನಗೆ ಗೊತ್ತು. ಅದರ ಬೆಳಕಿನಲ್ಲಿ ಬೇರೆ ಬಣ್ಣವೇ ಇಲ್ಲ. ಕೆಂಪು ಸೀರೆಯೂ ಹಸಿರು ಸೀರೆಯೂ ಒಂದೇ ಮಾಸಲು. ನಾವು ಆ ಥರದ ಬೆಳಕನ್ನು ಸರ್ಕಲ್ಲಿನಲ್ಲಿ ಲಾರಿ ತಿರುಗಲಿ ಅಂತ ಹಾಕುತ್ತಿದ್ದೆವು. ಲಂಡನ್ನಿನಲ್ಲಿ ಅದರ ಕೆಳಗೆ ಜನ ಅಂಗಾತ ಮಲಗಿ, ಕನ್ನಡಿಯಲ್ಲಿ ತಮ್ಮನ್ನೇ ಹುಡುಕುತ್ತಿದ್ದರಂತೆ, 20 ಲಕ್ಷಕ್ಕೂ ಹೆಚ್ಚು ಮಂದಿ.

2007ರಲ್ಲಿ ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ನೆಲವನ್ನೇ ಸೀಳಿದರು. 167 ಮೀಟರ್ ಉದ್ದದ ಬಿರುಕು. ಮುಗಿದ ಮೇಲೆ ಸಿಮೆಂಟು ತುಂಬಿದರು, ಗಾಯದ ಗೆರೆ ಉಳಿದಿದೆ. ಮೊಮ್ಮಗಳು ಆ ಗೆರೆಯ ಮೇಲೆ ಒಂದು ಕಾಲು ಆಚೆ ಒಂದು ಕಾಲು ಈಚೆ ಇಟ್ಟು ನಿಂತು, "ತಾತಾ, ಇದೇನು ಒಡೆದು ಹೋಗಿದ್ಯಾ?" ಅಂದಳು. 2010ರಲ್ಲಿ ಐ ವೈವೈ ಸೂರ್ಯಕಾಂತಿ ಬೀಜದ ಹಾಗಿರುವ ಹತ್ತು ಕೋಟಿ ಪಿಂಗಾಣಿ ಬೀಜ ಹರವಿದರು, ಒಂದೊಂದಕ್ಕೂ ಕೈಯಲ್ಲೇ ಬಣ್ಣ ಹಚ್ಚಿದ್ದು. ಜನ ಮೇಲೆ ನಡೆದಾಡಿ ಪಿಂಗಾಣಿ ಧೂಳೆದ್ದು, ಕೆಲವೇ ದಿನದಲ್ಲಿ ಹಗ್ಗ ಕಟ್ಟಿ ದೂರದಿಂದ ನೋಡಿ ಅಂದರು. ಮಸಿಯ ದೂರಿನಿಂದ ಹುಟ್ಟಿದ ಜಾಗದಲ್ಲಿ ಮತ್ತೆ ಧೂಳಿನ ದೂರು.

ಇನ್ನೊಂದು ಘಟನೆ ಟೇಟ್ ಕರೆಯದೇ ಬಂದದ್ದು. ಎಣ್ಣೆ ಕಂಪನಿ ಬಿಪಿಯಿಂದ ಟೇಟ್ ಪ್ರಾಯೋಜಕತ್ವ ಪಡೆಯುವುದನ್ನು ವಿರೋಧಿಸುತ್ತಿದ್ದ ಲಿಬರೇಟ್ ಟೇಟ್ ಗುಂಪಿನವರು 2012ರ ಜುಲೈನಲ್ಲಿ 16.5 ಮೀಟರ್ ಉದ್ದದ ಗಾಳಿಯಂತ್ರದ ರೆಕ್ಕೆಯೊಂದನ್ನು ಬಿಡಿಬಿಡಿಯಾಗಿ ಹೊತ್ತು ತಂದು, ಟರ್ಬೈನ್ ಹಾಲಿನ ನೆಲದ ಮೇಲೆ ಜೋಡಿಸಿ, 'ಇದು ನಿಮಗೆ ಉಡುಗೊರೆ' ಅಂದರು. ಎಣ್ಣೆ ಸುಟ್ಟು ಟರ್ಬೈನ್ ತಿರುಗಿಸಿದ ಹಾಲಿನಲ್ಲಿ ಮೂವತ್ತು ವರ್ಷದ ಮೇಲೆ ಮತ್ತೊಂದು ಟರ್ಬೈನಿನ ತುಂಡು! ಚಿತ್ರದುರ್ಗದ ಗುಡ್ಡಗಳ ಮೇಲೆ ಅಂಥ ರೆಕ್ಕೆ ತಿರುಗುವುದನ್ನು ನೋಡಿ ಅಭ್ಯಾಸವಾದ ನನಗೆ, ಅದನ್ನು ಹೆಗಲ ಮೇಲೆ ಹೊತ್ತವರ ಪಾಡು ನೆನೆದು ಭುಜ ನೋವು ಬಂತು. 2016ರಲ್ಲಿ ಬಿಪಿ ಪ್ರಾಯೋಜಕತ್ವ ಕೊನೆಗೊಳ್ಳುತ್ತದೆ ಅನ್ನುವ ಸುದ್ದಿ ಹೊರಬಿತ್ತು.

ನಾವು ಹೋದಾಗ ಅಲ್ಲಿದ್ದದ್ದು ಉಯ್ಯಾಲೆ. ಡೆನ್ಮಾರ್ಕಿನ ಸೂಪರ್‌ಫ್ಲೆಕ್ಸ್ ತಂಡ ಹಾಕಿದ್ದು, ಒಂದೊಂದರಲ್ಲಿ ಮೂರು ಜನ ಕೂರಬೇಕು. ಮಗಳು, ಮೊಮ್ಮಗಳು, ನಾನು. ಕಬ್ಬಿಣದ ಕ್ರೇನಿನ ಕೆಳಗೆ ತೂಗುತ್ತ, ಇಲ್ಲೇ ಎಲ್ಲೋ ಒಬ್ಬ ಶಿಫ್ಟ್ ಇಂಜಿನಿಯರ್ ಲಾಗ್ ಬುಕ್ ಬರೆಯುತ್ತ ಕೂತಿರುತ್ತಿದ್ದ ಅಂದುಕೊಂಡೆ.

ಕಣ್ಣಿನ ಕಾಟ

2006ರಲ್ಲಿ ವಿದ್ಯುತ್ ಕಂಪನಿ ಸ್ವಿಚ್ ಹೌಸಿನ ಪಶ್ಚಿಮದ ಅರ್ಧವನ್ನು ಬಿಟ್ಟುಕೊಟ್ಟಿತು. 2012ರಲ್ಲಿ ಆ ದುಂಡು ಎಣ್ಣೆ ಟ್ಯಾಂಕುಗಳು ನೃತ್ಯಕ್ಕೆ, ಪ್ರದರ್ಶನಕ್ಕೆ ತೆರೆದುಕೊಂಡವು. ಅವುಗಳ ತಲೆಯ ಮೇಲೆ ಅದೇ ಹರ್ಜೋಗ್ ಮತ್ತು ಡಿ ಮ್ಯೂರಾನ್ ಹತ್ತಂತಸ್ತಿನ, ತಿರುಚಿದ ಇಟ್ಟಿಗೆ ಗೋಪುರವೊಂದನ್ನು ಕಟ್ಟಿ 2016ರ ಜೂನಿನಲ್ಲಿ ತೆರೆದರು. ಖರ್ಚು 26 ಕೋಟಿ ಪೌಂಡ್, ಮೊದಲ ಪರಿವರ್ತನೆಯ ಹೆಚ್ಚುಕಮ್ಮಿ ಎರಡರಷ್ಟು. ತೆರೆದಾಗ ಅದರ ಹೆಸರು ಸ್ವಿಚ್ ಹೌಸ್. ಮರುವರ್ಷ, ಭಾರೀ ದೇಣಿಗೆ ಕೊಟ್ಟ ಲೆನ್ ಬ್ಲವಾಟ್ನಿಕ್ ಎಂಬ ಕೋಟ್ಯಧಿಪತಿಯ ಹೆಸರಾಯಿತು. ಕೆಲಸದ ಹೆಸರು ಹೋಗಿ ಕಾಸಿನ ಹೆಸರು ಬಂದದ್ದು ನನಗೆ ಅಷ್ಟು ಹಿಡಿಸಲಿಲ್ಲ. ಆದರೆ 2018ರಲ್ಲಿ ಹಳೆಯ ಬಾಯ್ಲರ್ ಹೌಸಿಗೆ, ಕಲಾವಿದೆ ತಾನಿಯಾ ಬ್ರುಗೇರಾ ಮತ್ತು ನೆರೆಹೊರೆಯವರ ಗುಂಪಿನ ಒತ್ತಾಯದ ಮೇಲೆ, ಅದೇ ಬಡಾವಣೆಯಲ್ಲಿ ಜನರ ನಡುವೆ ದುಡಿಯುವ ನತಾಲಿ ಬೆಲ್ ಅವರ ಹೆಸರಿಟ್ಟರು. ಆ ಸುದ್ದಿಯನ್ನು ಮಗಳು ಫೋನಿನಲ್ಲಿ ಹೇಳಿದಾಗ ಖುಷಿಯಾಯಿತು.

ಆಗ ಹತ್ತನೆಯ ಮಹಡಿಯಲ್ಲಿ ನಾಲ್ಕೂ ಕಡೆ ಸುತ್ತುವ ವೀಕ್ಷಣಾ ಮೊಗಸಾಲೆ ಇತ್ತು. ಉತ್ತರಕ್ಕೆ ಸೇಂಟ್ ಪಾಲ್ಸ್. ದಕ್ಷಿಣಕ್ಕೆ ಹೋದರೆ ಎದುರಿಗೇ, ಸುಮಾರು 34 ಮೀಟರ್ ದೂರದಲ್ಲಿ, ನಿಯೋ ಬ್ಯಾಂಕ್‌ಸೈಡ್ ಎಂಬ ಗಾಜಿನ ಗೋಡೆಗಳ ಐಷಾರಾಮಿ ಫ್ಲ್ಯಾಟುಗಳು. ನಾನೂ ಇಣುಕಿದೆ, ಸುಳ್ಳೇಕೆ. ಒಂದು ಮನೆಯ ಬೂದು ಸೋಫಾ, ಅದರ ಮೇಲೆ ಮಡಚದೆ ಬಿಟ್ಟ ಹೊದಿಕೆ, ಮೇಜಿನ ಮೇಲೆ ಎರಡು ಲೋಟ. ಪಕ್ಕದಲ್ಲಿದ್ದವರೊಬ್ಬರು ಫೋನೆತ್ತಿ ಫೋಟೋ ತೆಗೆದರು. ಮಗಳು ನನ್ನ ಕೋಟಿನ ತೋಳು ಜಗ್ಗಿದಳು: "ಬಾಪ್ಪಾ, ಅಸಹ್ಯ."

ಆ ಫ್ಲ್ಯಾಟಿನವರು ಕೋರ್ಟಿಗೆ ಹೋದರು. 2019ರಲ್ಲಿ ಹೈಕೋರ್ಟು, ಗಾಜಿನ ಮನೆ ಕೊಂಡವರು ನೀವು, ಪರದೆ ಎಳೆದುಕೊಳ್ಳಬಹುದಲ್ಲ ಅನ್ನುವ ಧಾಟಿಯಲ್ಲಿ ದಾವೆ ತಳ್ಳಿಹಾಕಿತು. 2020ರಲ್ಲಿ ಮೇಲ್ಮನವಿಯೂ ಬಿತ್ತು. 2023ರ ಫೆಬ್ರವರಿ 1ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು, ವರ್ಷಕ್ಕೆ ಲಕ್ಷಗಟ್ಟಲೆ ಜನ ಇಣುಕುವುದು ಮೃಗಾಲಯದಲ್ಲಿ ಇಟ್ಟ ಹಾಗೆ, ಇದು ನೆರೆಯವರಿಗೆ ಕೊಡುವ ಉಪದ್ರವವೇ ಸರಿ ಅಂದರು.

ಈ ತೀರ್ಪನ್ನು ಓದಿದಾಗ ನನಗೆ 1890ರ ದಶಕದ ಸದರ್ಕಿನವರು ನೆನಪಾದರು. ಮಸಿ ಬಿದ್ದ ಬಟ್ಟೆ ಹಿಡಿದುಕೊಂಡು ದೂರು ಕೊಟ್ಟವರು. ಆಗ ಹೊಗೆಯ ಕಾಟ, ಆಮೇಲೆ ಗುಮ್ಮಟಕ್ಕೆ ಅಡ್ಡವಾದ ಚಿಮಣಿಯ ಕಾಟ, ಈಗ ಕಣ್ಣಿನ ಕಾಟ. ವ್ಯತ್ಯಾಸ ಒಂದೇ: ಹೊಗೆ ಕುಡಿದವರು ಬಡವರು, ಕಣ್ಣು ತಾಗಿದವರು ಕೋಟಿಗಟ್ಟಲೆ ಕೊಟ್ಟು ಮನೆ ಕೊಂಡವರು. ಆ ಮನೆಗಳಿಗೆ ಅಷ್ಟು ಬೆಲೆ ಬರಲು ಪಕ್ಕದಲ್ಲಿ ಸಂಗ್ರಹಾಲಯ ಇದ್ದದ್ದೂ ಒಂದು ಕಾರಣ. ಇನ್ನು ಪರದೆಯ ಮಾತು. ಈ ವಿಷಯದಲ್ಲಿ ನಾನು ಸುಪ್ರೀಂ ಕೋರ್ಟಿನ ಪಕ್ಷ. ಸಬ್‌ಸ್ಟೇಷನ್ ಕ್ವಾರ್ಟರ್ಸಿನಲ್ಲಿ ಬದುಕಿದವನಿಗೆ ಗೊತ್ತು: ಸದ್ದು ಮಾಡುವವನು ನಾನಾಗಿದ್ದು, ಕಿವಿ ಮುಚ್ಚಿಕೋ ಅಂತ ನೆರೆಯವನಿಗೆ ಹೇಳಿದರೆ ನ್ಯಾಯವಲ್ಲ.

ಕಣ್ಣು ಅಂದಾಗ ಇನ್ನೊಂದು. ಕೆಫೆಯಲ್ಲಿ ಕೂತಾಗ ಮಗಳು ಫೋನಿನಲ್ಲಿ ಟೇಟ್ ಸಂಗ್ರಹದ ಒಂದು ಕಲಾಕೃತಿ ತೋರಿಸಿದಳು. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ ಅವರದು, 2009ರ 'ಬಿಹೋಲ್ಡ್'. ಮನುಷ್ಯರ ಕೂದಲಿನಿಂದ ಹೊಸೆದ ನಾಲ್ಕು ಕಿಲೋಮೀಟರ್ ಹುರಿ, ಆ ಹುರಿಯಲ್ಲಿ ತೂಗುಬಿಟ್ಟ ಕಾರಿನ 20 ಬಂಪರುಗಳು. ಮಗಳು ವಿವರಿಸಲು ಹೊರಟಳು, ನಾನು ತಡೆದೆ. ನಮ್ಮ ಇಲಾಖೆಯ ಜೀಪಿನ ಬಂಪರಿಗೆ ಡ್ರೈವರ್ ಅಂಥದೇ ಕರಿ ಹುರಿ ಕಟ್ಟಿದ್ದ, ದೃಷ್ಟಿಯಾಗದಿರಲಿ ಅಂತ. ಮಳೆಗಾಲದಲ್ಲಿ ಅದು ಒದ್ದೆ ಬೆಕ್ಕಿನ ಬಾಲದ ಹಾಗೆ ಜೋಲುತ್ತಿತ್ತು. ಉಕ್ಕಿನ ಊರಿನ ಮಗಳು ಉಕ್ಕನ್ನು ಕೂದಲಿನಲ್ಲಿ ಎತ್ತಿದ್ದಾರೆ. ಆ ದಿನ ಇಷ್ಟು ಹೊತ್ತಿನಲ್ಲಿ ನನಗೆ ವಿವರಣೆಯಿಲ್ಲದೆ ಅರ್ಥವಾದ ಮೊದಲ ಕಲಾಕೃತಿ ಅದು.

ಶಾಖದ ಲೆಕ್ಕ

ಕೊನೆಯದಾಗಿ, ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಜಾಣ ಕೆಲಸ. ಟ್ರಾನ್ಸ್‌ಫಾರ್ಮರ್ ಸದ್ದು ಮಾಡುವುದಷ್ಟೇ ಅಲ್ಲ, ಬಿಸಿಯೂ ಆಗುತ್ತದೆ. ಹಾದುಹೋಗುವ ಕರೆಂಟಿನಲ್ಲಿ ಒಂದು ಸಣ್ಣ ಪಾಲು ತಾಮ್ರದ ಸುರುಳಿಯಲ್ಲೂ ಕೋರಿನಲ್ಲೂ ಶಾಖವಾಗಿ ಸೋರುತ್ತದೆ. ಅದನ್ನು ಟ್ರಾನ್ಸ್‌ಫಾರ್ಮರಿನೊಳಗೆ ತುಂಬಿದ ಎಣ್ಣೆ ಹೀರಿಕೊಂಡು ರೇಡಿಯೇಟರಿಗೆ ತರುತ್ತದೆ. ನಮ್ಮ ಯಾರ್ಡಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಎಣ್ಣೆಯ ಉಷ್ಣತೆ ಏರಿದರೆ ಎದೆ ಡವಗುಟ್ಟುತ್ತಿತ್ತು. ಫ್ಯಾನು ಸಾಲದೆ ಹುಡುಗರ ಕೈಲಿ ಹೊರಗಿಂದ ನೀರು ಚಿಮುಕಿಸಿದ್ದೂ ಉಂಟು. ಆ ಶಾಖ ನಮಗೆ ಶನಿ. ಬ್ಯಾಂಕ್‌ಸೈಡಿನ ಸಬ್‌ಸ್ಟೇಷನ್ನನ್ನು ಹೊಸದು ಮಾಡಿದಾಗ ಅಲ್ಲಿನ ಟ್ರಾನ್ಸ್‌ಫಾರ್ಮರುಗಳ ಶಾಖವನ್ನು ಹಿಡಿದು, ಗೋಡೆಯಾಚೆಯ ಹೊಸ ಗೋಪುರವನ್ನು ಬೆಚ್ಚಗಿಡಲು ಕೊಟ್ಟರು.

ಇದು ನನಗೆ ಆಮೇಲೆ ಓದಿ ತಿಳಿದದ್ದು. ಆ ದಿನ ಗೊತ್ತಿದ್ದದ್ದು ಇಷ್ಟೇ: ಹೊರಗೆ ನದಿಯ ಗಾಳಿ ಮೂಳೆ ಕೊರೆಯುತ್ತಿತ್ತು. ಒಳಗೆ ಗೋಪುರದ ಮೆಟ್ಟಿಲೇರುತ್ತ ನಾಲ್ಕನೆಯ ಮಹಡಿಗೆ ಬರುವಷ್ಟರಲ್ಲಿ ಸೆಖೆಯಾಗಿ, ಅಳಿಯ ಕೊಡಿಸಿದ್ದ ದಪ್ಪ ಕೋಟನ್ನು ಬಿಚ್ಚಿ ಕೈಯ ಮೇಲೆ ಹಾಕಿಕೊಂಡಿದ್ದೆ.